ನೇರಳೆ ರಸಕ್ಕೆ ಬಿದ್ದ ಒಗ್ಗರಣೆ

ಕಳೆದ ವರ್ಷ ಮೃಗಶಿರ ಮಳೆ ಶುರುವಾದ ವಾರ. ಗಡಿಯಾಚೆ ಮರಾಠಿ ಸೀಮೆಯ ಉಮರ್ಗಾ ಪೇಟೆಯಲ್ಲಿ ನಮ್ಮದು ಕಿರಾಣಿ ಅಂಗಡಿ, ಅಂಗಡಿಯ ಬೆನ್ನಿಗೇ ಮನೆ. ಮಳೆ ಬಿದ್ದರೆ ಸಾಕು, ಸುತ್ತಲಿನ ಹಳ್ಳಿಯವರೆಲ್ಲ ಬಿತ್ತನೆಗೆ ಮುಂಚೆ ಸಂತೆ ಸಾಮಾನು ಒಯ್ಯಲು ಬರುತ್ತಾರೆ. ಯಜಮಾನರಿಗೆ ಕೂತು ಚಹಾ ಕುಡಿಯಲೂ ಬಿಡುವಿರುವುದಿಲ್ಲ. ಅಂಥ ವಾರವನ್ನೇ ಹುಡುಕಿಕೊಂಡು ನಮ್ಮತ್ತೆ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದರು. "ಅತ್ತಿ, ಮಳಿ ಬಿದ್ದು ಪಾಚಿ ಆಗ್ಯಾದ, ಆ ಕಡೆ ಹೋಗಬ್ಯಾಡ್ರಿ" ಎಂದು ನಾನು ಆ ಬೆಳಿಗ್ಗೆಯಷ್ಟೇ ಹೇಳಿದ್ದೆ. ಹೇಳಿದ್ದಕ್ಕೇ ಹೋದರು ಎಂದು ನನಗೆ ಇಂದಿಗೂ ಅನುಮಾನ.

ಎಡಗೈಯ ಮಣಿಕಟ್ಟಿನ ಎಲುಬು ಮುರಿದಿತ್ತು. ನಿಲಂಗಾದಲ್ಲಿ ಎಲುಬಿನ ಡಾಕ್ಟರು ಮೊಣಕೈಯಿಂದ ಬೆರಳಿನ ಬುಡದವರೆಗೆ ಪ್ಲಾಸ್ಟರ್ ಹಾಕಿದರು. ಒಂದೂವರೆ ತಿಂಗಳು ಬಿಚ್ಚುವಂತಿಲ್ಲ ಎಂದರು. ನಮಗೆಲ್ಲ ಸಮಾಧಾನವಾಯಿತು. ಸೊಂಟ ಮುರಿದಿದ್ದರೆ ಏನು ಗತಿ, ಕೈ ತಾನೇ, ಬಲಗೈಯಲ್ಲಿ ಉಣ್ಣುತ್ತಾರೆ ಎಂದುಕೊಂಡೆವು. ಮರುದಿನ ಬೆಳಿಗ್ಗೆ ಅತ್ತೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆ ಬಿಚ್ಚಿದಾಗಲೇ ಅಸಲು ಸಂಕಟ ತಿಳಿದದ್ದು. ಇಷ್ಟಲಿಂಗವನ್ನು ಎಡಗೈಯ ಅಂಗೈಯಲ್ಲಿ ಇಟ್ಟುಕೊಂಡು, ಬಲಗೈಯಿಂದ ಪತ್ರಿ ಏರಿಸಿ ಪೂಜೆ ಮಾಡುವುದು ಅವರ ಪದ್ಧತಿ. ಎಪ್ಪತ್ತು ವರ್ಷದಿಂದ ಪೂಜೆ ಆಗದೆ ಬಾಯಿಗೆ ನೀರೂ ಹಾಕಿದವರಲ್ಲ. ಈಗ ಅಂಗೈ ತುಂಬ ಪ್ಲಾಸ್ಟರ್.

ಅದರ ಮೇಲೆ ಒಂದು ಮಡಿ ಬಟ್ಟೆ ಹಾಸಿ ಲಿಂಗ ಇಟ್ಟುಕೊಳ್ಳಿ ಎಂದೆ.

"ಎಡಗೈ ಅಂದ್ರ ಲಿಂಗಪ್ಪನ ಗದ್ದಗಿ, ಶೋಭಾ. ಗದ್ದಗಿಗಿ ಸುಣ್ಣ ಬಡಿದು ಕುಂಡ್ರಿಸ್ಯಾರ. ಇದು ನನ್ನ ಕೈಯಲ್ಲ, ಡಾಕ್ಟರಂದು."

ಬಲಗೈಯಲ್ಲಿ ಇಟ್ಟುಕೊಳ್ಳಿ, ಪತ್ರಿ ನಾನು ಏರಿಸುತ್ತೇನೆ ಎಂದೆ. ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು. ಆಮೇಲೆ ಕರಡಿಗೆಯನ್ನು ಬಲಗೈಯಲ್ಲಿ ಹಿಡಿದು ಎರಡೂ ಕಣ್ಣಿಗೆ ಒತ್ತಿಕೊಂಡು ಮತ್ತೆ ಕೊರಳಿಗೆ ಹಾಕಿಕೊಂಡರು. ನಾನು ತಟ್ಟೆಯಲ್ಲಿ ಉಪ್ಪಿಟ್ಟು ತಂದಿಟ್ಟೆ. ತಟ್ಟೆಯನ್ನು ಬೆರಳಿಂದ ದೂರ ಸರಿಸಿದರು.

"ಇವತ್ತು ಆಗಿದ್ದು ಅರ್ಧ ಪೂಜಿ. ಅರ್ಧ ಪೂಜಿಗಿ ಅರ್ಧ ಊಟ. ಈ ಕೈ ಬಿಚ್ಚೋ ತನಕ ನಾ ಕಾಳು ಕಡಿ ಮುಟ್ಟಲ್ಲ. ಹಣ್ಣು ತಿಂತೀನಿ, ಹಾಲು ಕುಡೀತೀನಿ. ಮುಗೀತು."

ಈ ನಿಯಮ ಯಾವ ಶಾಸ್ತ್ರದಲ್ಲಿದೆ ಎಂದು ಯಜಮಾನರು ಕೇಳಿದರು. "ನನ್ನ ಶಾಸ್ತ್ರದಾಗ" ಎಂದರು. ಮಠದ ಅಯ್ಯನವರನ್ನು ಕರೆಸಿದೆವು. ಅವರು ಪಾಪ, ಮಳೆಯಲ್ಲಿ ಛತ್ರಿ ಹಿಡಿದು ಬಂದು, "ಅವ್ವಾ, ಕಾಯಿಲಿ ಕಸಾಲಿ ಇದ್ದಾಗ ಪೀಠದ ಮ್ಯಾಲ ಇಟ್ಟು ಪೂಜಿ ಮಾಡಬಹುದು, ದೋಷ ಇಲ್ಲ" ಎಂದು ತಿಳಿಹೇಳಿದರು.

"ಅಯ್ನೋರ, ನೀವು ಹಿಂಗ ಸಣ್ಣವರಿದ್ದಾಗ ನಿಮ್ಮಪ್ಪರ ಜೋಡಿ ಭಿಕ್ಷಾಕ್ಕ ಬರ್ತಿದ್ರಿ. ನಾ ಹಾಲು ಸಕ್ರಿ ಕೊಟ್ಟೀನಿ ನಿಮಗ. ನನಗ ದೋಷ ಇಲ್ಲ ಅಂತ ಹೇಳಾಕ ಬಂದೀರಾ?"

ಅಯ್ಯನವರು ಚಹಾ ಕುಡಿದು ಎದ್ದರು. ಬಾಗಿಲಲ್ಲಿ ನನಗೆ, "ತಾಯಿ, ನಿಮ್ಮತ್ತಿಯವರು ನನ್ನ ಕೈಯಾಗ ಬರೋದಿಲ್ಲ" ಎಂದು ಮೆಲ್ಲಗೆ ಹೇಳಿದರು. ಒಳಗಿನಿಂದ ಅತ್ತೆ, "ನಿಮ್ಮಪ್ಪರ ಕೈಯಾಗೂ ಬಂದಿಲ್ಲ, ಅಯ್ನೋರ" ಎಂದು ಕೂಗಿದರು. ಅವರ ಕಿವಿ ಅಷ್ಟು ಚುರುಕು. ಅಡುಗೆಮನೆಯಲ್ಲಿ ನಾನು ಪಿಸುಗುಟ್ಟಿದ್ದು ಪಡಸಾಲೆಯಲ್ಲಿ ಕೂತವರಿಗೆ ಕೇಳುತ್ತದೆ.

ಹಣ್ಣು ತಿನ್ನುತ್ತೇನೆ ಎಂದರಲ್ಲ, ತಿಂದರೆ ಸರಿ. ಆದರೆ ಅವರಿಗೆ ಹಲ್ಲಿಲ್ಲ. ಕಟ್ಟಿಸಿದ ಹಲ್ಲಿನ ಸೆಟ್ಟು ಸ್ಟೀಲಿನ ಡಬ್ಬಿಯಲ್ಲಿ ಹಾಯಾಗಿ ಮಲಗಿರುತ್ತದೆ. ಯಾರ ಮನೆಗಾದರೂ ಹೋಗುವಾಗ ಮಾತ್ರ ಅದಕ್ಕೆ ಎಚ್ಚರ. ಬಾಳೆಹಣ್ಣು ಕೊಟ್ಟರೆ ನೆಗಡಿ ಎಂದರು. ಪಪ್ಪಾಯಿ ಕೊಟ್ಟರೆ ವಾಸನೆ ಎಂದರು. ಸೇಬು ತುರಿದುಕೊಟ್ಟೆ. ನಾನು ತಿರುಗುವಷ್ಟರಲ್ಲಿ ಕಪ್ಪಾಗಿತ್ತು, "ತುಕ್ಕು ಹಿಡದದ" ಎಂದು ಬಟ್ಟಲು ಮಗುಚಿಟ್ಟರು. ಮಾವಿನ ಸೀಕರಣೆ ಅವರಿಗೆ ಪ್ರಾಣ. ಆದರೆ ಮೃಗಶಿರ ಮಳೆ ಬಿದ್ದ ಮೇಲೆ ಮಾವಿನಲ್ಲಿ ಹುಳು ಎಂದು ಅವರು ಮುಟ್ಟುವುದಿಲ್ಲ. ದಿನಕ್ಕೆ ಎರಡು ಲೋಟ ಹಾಲು, ಅಷ್ಟೇ.

ನನಗೆ ಇನ್ನೂ ಒಂದು ವಿಷಯ ಚುಚ್ಚುತ್ತಿತ್ತು. ನಮ್ಮ ಮನೆಯಲ್ಲಿ ಹಿರಿಯರು ಊಟ ಮುಗಿದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿಂದ ಬಳಿದು, ಆ ನೀರನ್ನು ಕುಡಿಯುತ್ತಾರೆ. ಪ್ರಸಾದದ ಅಗುಳೂ ಚೆಲ್ಲಬಾರದು ಎಂದು. ಅತ್ತೆಯ ತಟ್ಟೆಯನ್ನು ನಾನು ಮದುವೆಯಾಗಿ ಬಂದಾಗಿನಿಂದ ಎಂಜಲಾಗಿ ಕಂಡೇ ಇಲ್ಲ. ಹಣ್ಣಿನ ಬಟ್ಟಲನ್ನು ಮಾತ್ರ ಅವರು ಅರ್ಧಕ್ಕೆ ಬಿಟ್ಟು ಏಳುತ್ತಿದ್ದರು. ಕೇಳಿದರೆ, "ಇದೇನು ಊಟ ಏನ? ಊಟ ಆದ್ರ ತೊಳದು ಕುಡೀತಿದ್ದೆ" ಎನ್ನುತ್ತಿದ್ದರು.

ರಜೆಗೆ ಮನೆಗೆ ಬಂದಿದ್ದ ನನ್ನ ಮಗಳು ಸ್ನೇಹಾ ಆಗ ಮೊಬೈಲ್ ಹಿಡಿದುಕೊಂಡು ಬಂದಳು. "ಮಮ್ಮಿ, ಹಣ್ಣಿನ ಸಾಸ್ ಮಾಡು. ಭಾಳ ಈಜಿ ಅದ. ಹತ್ತೇ ನಿಮಿಷ." ವಿಡಿಯೋದಲ್ಲಿ ಬಿಳಿ ಗೋಡೆಯ ಅಡುಗೆಮನೆ, ಬಿಳಿ ಒಲೆ. ಒಬ್ಬ ಹೆಣ್ಣುಮಗಳು ಕೆಂಪು ಹಣ್ಣು, ಸಕ್ಕರೆ, ನಿಂಬೆರಸ ಹಾಕಿ ಕೈಯಾಡಿಸಿದಳು. ದಪ್ಪನೆಯ ದೋಸೆಯಂಥದ್ದರ ಮೇಲೆ ಸುರಿದಳು, ಐಸ್‌ಕ್ರೀಮಿನ ಮೇಲೆ ಸುರಿದಳು, ಮುಗುಳ್ನಕ್ಕಳು. ಆಕೆಯ ಸೀರೆಗೆ, ಅಲ್ಲ ಅಂಗಿಗೆ, ಒಂದು ಹನಿಯೂ ಸಿಡಿಯಲಿಲ್ಲ. ಆ ಮನೆಯಲ್ಲಿ ಅತ್ತೆಯೂ ಇರಲಿಲ್ಲ, ಗಂಡನೂ ಇರಲಿಲ್ಲ, ನಡುವೆ ಕರೆಂಟೂ ಹೋಗಲಿಲ್ಲ. ಹತ್ತು ನಿಮಿಷ ಯಾಕೆ, ಐದು ನಿಮಿಷವೂ ಸಾಕು ಅವಳಿಗೆ.

ನಮ್ಮಲ್ಲಿ ಆಗ ಸಿಗುತ್ತಿದ್ದದ್ದು ನೇರಳೆ. ಹತ್ತಿರದ ದಾಳಿಂಬ ಎಂಬ ಹಳ್ಳಿಯಲ್ಲಿ ನಮ್ಮ ಹೊಲದ ಬದುವಿನಲ್ಲಿ ಒಂದು ದೊಡ್ಡ ಮರವಿದೆ. ಬಿತ್ತನೆ ನೋಡಲು ಹೋದ ಯಜಮಾನರಿಗೆ, "ಹಣ್ಣಾಗಿದ್ದು ಅಷ್ಟೇ ಆರಿಸಿ ತರ್ರಿ" ಎಂದು ಎರಡೆರಡು ಸಲ ಹೇಳಿ ಕಳಿಸಿದೆ. ಅರ್ಧ ಚೀಲ ತಂದರು. ಅದರಲ್ಲಿ ಕಾಯಿ, ಎಲೆ, ಕಡ್ಡಿ, ಇರುವೆ ಎಲ್ಲ ಇದ್ದವು. "ಎಲ್ಲಾ ಬರೋಬರ್ ಹಣ್ಣ ಅವ ನೋಡು" ಎಂದು ಹಸಿರು ಕಾಯಿಯೊಂದನ್ನು ಎತ್ತಿ ತೋರಿಸಿದರು. ಬೆಳಿಗ್ಗೆಯೆಲ್ಲ ಕೂತು ಆರಿಸಿದೆ.

ಮಾಡುವುದೇನೂ ಕಷ್ಟವಿಲ್ಲ. ಹಣ್ಣು ತೊಳೆದು ಮುಳುಗುವಷ್ಟೇ ನೀರಿಟ್ಟು ಕುದಿಸಬೇಕು. ಆರಿದ ಮೇಲೆ ಕೈಯಿಂದ ಹಿಸುಕಿ ಬೀಜ ತೆಗೆದು, ಜರಡಿಯಲ್ಲಿ ಸೋಸಿ, ಆ ರಸಕ್ಕೆ ಬೆಲ್ಲ ಹಾಕಿ ಸಣ್ಣ ಉರಿಯಲ್ಲಿ ಮತ್ತೆ ಇಡಬೇಕು. ಚಮಚದ ಬೆನ್ನಿಗೆ ಅಂಟಿ ನಿಂತರೆ ಇಳಿಸಿ, ಎರಡು ಹನಿ ನಿಂಬೆ, ಚಿಟಿಕೆ ಯಾಲಕ್ಕಿ. ಕಷ್ಟವಿದ್ದದ್ದು ಅತ್ತೆಯ ನ್ಯಾಯಾಲಯದಲ್ಲಿ.

"ಕುದಿಸಿದ ಮ್ಯಾಲ ಅದು ಹಣ್ಣು ಹ್ಯಾಂಗ ಆಗ್ತದ? ಅಡಗಿ ಆಯ್ತಲ್ಲ."

"ಹಾಲು ಕುದಿಸೇ ಕುಡೀತೀರಲ್ಲ, ಅತ್ತಿ. ಅದು ಅಡಗಿ ಏನ?"

ಅತ್ತೆ, "ತಾ" ಎಂದರು. ನನ್ನ ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅತ್ತೆಯ ಮುಂದೆ ಗೆದ್ದ ವಾದ ಅದೊಂದೇ. ಆದರೆ ಗೆದ್ದು ಏನು ಬಂತು? ಮೊದಲ ದಿನ ಹುಳಿ ಎಂದು ಮೂರು ಚಮಚಕ್ಕೆ ಬಿಟ್ಟರು. ಬೆಲ್ಲ ಹೆಚ್ಚು ಹಾಕಿದೆ, "ಪಾಯಸ ಮಾಡಿದ್ಯಾ?" ಎಂದರು. ಬೆಲ್ಲ ತಗ್ಗಿಸಿದೆ, ನಾಲಿಗೆ ಒಗರಾಯಿತು ಎಂದರು. ಯಾರಿಗಾಗಿ ಮಾಡಿದೆನೋ ಅವರನ್ನು ಬಿಟ್ಟು ಉಳಿದವರೆಲ್ಲ ತಿಂದರು. ಸ್ನೇಹಾ ಬೆಳಿಗ್ಗೆ ಬ್ರೆಡ್ಡಿಗೆ, ದೋಸೆಗೆ, ಸಂಜೆ ಐಸ್‌ಕ್ರೀಮಿಗೆ ಹಾಕಿಕೊಂಡಳು. ಯಜಮಾನರು ಚಪಾತಿಗೆ ಬಳಿದುಕೊಂಡು, "ಇದು ಚಲೋ ಅದ, ದಿನಾ ಮಾಡು" ಎಂದರು. ನನ್ನ ಕೈ ಮಾತ್ರ ಮಸಿ ದೌತಿಯಲ್ಲಿ ಅದ್ದಿದಂತೆ. ಪಕ್ಕದ ಮನೆಯಾಕೆ ನೋಡಿ, "ಕಾಯ್ ಝಾಲಂ ವಹಿನಿ?" ಎಂದು ಗಾಬರಿಯಾಗಿ ಕೇಳಿದಳು. ಏನಾಯ್ತು ಎಂದು ಎಲ್ಲಿಂದ ಹೇಳಲಿ?

ಆ ನಡುವೆ ತೋರಿಸಲು ನಿಲಂಗಾಕ್ಕೆ ಹೋದೆವು. ಅತ್ತೆ ಕಾರಿನಿಂದ ಇಳಿಯುವಾಗ ನನ್ನ ಹೆಗಲ ಮೇಲೆ ಕೈ ಊರಿದರು. ಆ ಕೈಯಲ್ಲಿ ಭಾರವೇ ಇರಲಿಲ್ಲ. ಅಲ್ಲಿಯ ತನಕ ನನಗೆ ಬರೀ ಸಿಟ್ಟಿತ್ತು. ಅಲ್ಲಿ ಮೊದಲ ಸಲ ಹೆದರಿಕೆಯಾಯಿತು. ಡಾಕ್ಟರು ಎಲುಬಿನ ಎಕ್ಸ್‌ರೇ ಫೋಟೋ ನೋಡಿ ಮುಖ ಸಣ್ಣ ಮಾಡಿದರು.

"ಆಜೀ, ಜೇವಲ್ಯಾ ನಾಹೀತ್ ತರ್ ಹಾಡ್ ಕಸಂ ಜುಳಣಾರ್?" ಎಂದರು. ಉಣ್ಣದಿದ್ದರೆ ಎಲುಬು ಕೂಡುವುದು ಹೇಗೆ ಎಂದು.

ಅತ್ತೆ ನನ್ನತ್ತ ತಿರುಗಿ, "ಏನಂತಾನ ಅಂವಾ? ನನಗ ಮರಾಠಿ ತಿಳಿಯಲ್ಲ" ಎಂದರು.

ಉಮರ್ಗಾದಲ್ಲಿ ಹುಟ್ಟಿ, ಉಮರ್ಗಾದಲ್ಲಿ ಬೆಳೆದು, ಅರವತ್ತು ವರ್ಷ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಕೂತು ಮರಾಠಿಯಲ್ಲಿ ಚೌಕಾಸಿ ಮಾಡಿದ ಹೆಂಗಸು! ಮರಾಠಿಯಲ್ಲಿ ಬೈಯಲು ಶುರು ಮಾಡಿದರೆ ಪೇಟೆಯೇ ನಿಂತು ಕೇಳುತ್ತದೆ. ನಾನು ಹಣೆ ಒತ್ತಿಕೊಂಡು ಕೂತೆ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನೊಂದು ವಾರ ನೋಡುತ್ತೇನೆ, ಊಟ ಶುರುವಾಗದಿದ್ದರೆ ದವಾಖಾನೆಗೆ ಸೇರಿಸಿ ಸಲಾಯಿನ್ ಹಚ್ಚಬೇಕಾಗುತ್ತದೆ, ಈ ವಯಸ್ಸಿನಲ್ಲಿ ಮಲಗಿದವರು ಏಳುವುದು ಕಷ್ಟ ಎಂದರು. ಮನೆಗೆ ಬರುವ ದಾರಿಯುದ್ದಕ್ಕೂ ನಾನು ಆ ವಾರದ ದಿನಗಳನ್ನು ಬೆರಳಲ್ಲಿ ಎಣಿಸುತ್ತಿದ್ದೆ. ಅತ್ತೆ, "ಇವತ್ತು ಗಾಳಿ ಚಲೋ ಅದ" ಎಂದರು.

ಸುದ್ದಿ ಕೇಳಿ ಉದಗೀರದಿಂದ ನನ್ನ ನಾದಿನಿ ಸುಶೀಲಾ ಬಂದಳು. ಮಳೆಯಲ್ಲಿ ನೆನೆದು, ಬಸ್ಸಿನ ಕಿಟಕಿಯ ಗಾಳಿಗೆ ಮೂಗು ಕಟ್ಟಿಕೊಂಡು ಬಂದಿದ್ದಳು. ಒಳ್ಳೆಯ ಹೆಣ್ಣುಮಗಳು, ಕೆಲಸಕ್ಕೆ ಬೆಂಕಿ. ಅವಳ ದೋಷ ಒಂದೇ: ಯಾರನ್ನೂ ಕೇಳುವುದಿಲ್ಲ. ಬಂದ ಸಂಜೆಯೇ ನನ್ನ ಮಸಾಲೆ ಡಬ್ಬಿಗಳ ಜಾಗ ಬದಲಾಯಿತು.

ಮರುದಿನ ಬೆಳಿಗ್ಗೆ ನಾನು ಉಳಿದಿದ್ದ ನೇರಳೆಯನ್ನೆಲ್ಲ ಒಟ್ಟಿಗೆ ಕುದಿಸಿ, ಸೋಸಿ, ಬೆಲ್ಲ ಹಾಕಿ ಒಲೆಯ ಮೇಲಿಟ್ಟೆ. ಮರದಲ್ಲಿ ಹಣ್ಣು ಮುಗಿದಿತ್ತು, ಪೇಟೆಯಲ್ಲೂ ಇರಲಿಲ್ಲ. ಈ ಸಲ ಒಂದು ಬಟ್ಟಲಾದರೂ ತಿನ್ನಿಸಲೇಬೇಕು ಎಂದು ಹಟ ತೊಟ್ಟಿದ್ದೆ. ಕರೆಂಟಿರಲಿಲ್ಲ, ಮೋಡಕ್ಕೆ ಅಡುಗೆಮನೆ ಕತ್ತಲಾಗಿತ್ತು. ಮೇಲೆ ಒಣಹಾಕಿದ ಬಟ್ಟೆಗೆ ಹನಿ ಶುರುವಾಯಿತು. "ಸುಶೀಲಾ, ಜರಾ ಒಲಿ ಕಡೆ ನೋಡು" ಎಂದು ಹೇಳಿ ಮಾಳಿಗೆಗೆ ಓಡಿದೆ. ನಾನು ಹೇಳಿದ್ದು ಅಷ್ಟೇ. ನೋಡು ಎಂದೆ.

ಇಳಿದು ಬರುವಾಗ ಮೆಟ್ಟಿಲಲ್ಲೇ ಬೆಳ್ಳುಳ್ಳಿ ಒಗ್ಗರಣೆಯ ಘಮ ಬಂತು. ಬಟ್ಟೆ ಅಲ್ಲೇ ಬಿಟ್ಟು ಒಳಗೆ ಬಂದೆ. ಸುಶೀಲಾ ಸೌಟಿನಿಂದ ತಿರುವುತ್ತ ನಿಂತಿದ್ದಳು.

"ವೈನಿ, ಆಮಟಿ ಭಾಳ ನೀರಾಗಿತ್ತು. ಯೇಸರ ಕಲಸಿ ಹಾಕೀನಿ. ಉಪ್ಪು ಖಾರ ಹಾಕಿ ಒಗ್ಗರಣಿ ಕೊಟ್ಟೀನಿ. ಈಗ ನೋಡು, ಹ್ಯಾಂಗ ಗಟ್ಟಿ ಆಗ್ಯಾದ!"

ಆಮಟಿ ಎಂದರೆ ನಮ್ಮ ಕಡೆಯ ಹುಳಿಸಾರು, ಯೇಸರ ಎಂದರೆ ಅದನ್ನು ಗಟ್ಟಿ ಮಾಡಲು ಮನೆಮನೆಯಲ್ಲಿರುವ ಹಿಟ್ಟು. ಜೋಳ, ಗೋಧಿ, ಕಡಲೆಬೇಳೆಯನ್ನು ಮಸಾಲೆಯ ಜೊತೆ ಹುರಿದು ಬೀಸಿದ್ದು. ಹುಳಿಯಾದ, ಕಪ್ಪಾದ, ತೆಳ್ಳಗಾದ ಏನೇ ಒಲೆಯ ಮೇಲೆ ಕುದಿಯುತ್ತಿದ್ದರೂ ನಮ್ಮ ಹೆಂಗಸರ ಕೈ ತಾನಾಗಿ ಆ ಡಬ್ಬಿಗೆ ಹೋಗುತ್ತದೆ. ಮೂಗು ಕಟ್ಟಿದ್ದಕ್ಕೆ ಅವಳಿಗೆ ಬೆಲ್ಲದ ವಾಸನೆ ಬಂದಿರಲಿಲ್ಲ. ರುಚಿಯನ್ನಾದರೂ ನೋಡಬಾರದೇ ಎಂದರೆ, ಪೂಜೆ ನೈವೇದ್ಯ ಆಗುವ ಮೊದಲು ಒಲೆಯ ಮೇಲಿನ ಅಡುಗೆ ಬಾಯಿಗೆ ಹಾಕುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಆ ಪದ್ಧತಿ ಕಲಿಸಿದವರೂ ಅತ್ತೆಯೇ.

"ಸುಶೀಲಾ, ಅದು ಆಮಟಿ ಅಲ್ಲ! ನಿಮ್ಮವ್ವನ ಹಣ್ಣು ಅದು!"

"ಹಣ್ಣು ಯಾರರೆ ಕಡಾಯ್ಯಾಗ ಕುದಿಸ್ತಾರೇನ?"

"ನೀ ಕೇಳಬೇಕಿಲ್ಲ?"

"ನೀ ಹೇಳಬೇಕಿಲ್ಲ?"

ಗದ್ದಲಕ್ಕೆ ಯಜಮಾನರು ಅಂಗಡಿ ಬಿಟ್ಟು ಬಂದರು. ಬಗ್ಗಿ ನೋಡಿ, "ಸೋಸಿದ್ರ ಹಿಟ್ಟು ಹೋಗಂಗಿಲ್ಲೇನು?" ಎಂದು ಕೇಳಿದರು. ನಾನು ಅವರನ್ನು ನೋಡಿದ ರೀತಿಗೆ ಬಂದ ದಾರಿಯಲ್ಲೇ ಹಿಂದಿರುಗಿದರು. ಸ್ನೇಹಾ ಗೋಡೆಗೆ ಮುಖ ಮಾಡಿ ನಗುತ್ತಿದ್ದಳು. ನಾನು ಕಟ್ಟೆಗೆ ಒರಗಿ ಕೂತುಬಿಟ್ಟೆ. ಕೊನೆಯ ಹಣ್ಣು. ಡಾಕ್ಟರು ಕೊಟ್ಟ ವಾರದಲ್ಲಿ ಉಳಿದದ್ದು ಎರಡೇ ದಿನ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳೋಣವೆಂದರೆ ಕೈ ತುಂಬ ನೇರಳೆ ಬಣ್ಣ.

ಆಗ ಪಡಸಾಲೆಯಿಂದ ಕೂಗು ಬಂತು.

"ಶೋಭಾ! ನನ್ನ ಹಣ್ಣು ಎಲ್ಲಿ? ಇವತ್ತು ಯಾಕ ಹೊತ್ತಾಯ್ತು?"

ಇಷ್ಟು ದಿನದಲ್ಲಿ ಅವರು ತಾವಾಗಿ ಕೇಳಿದ್ದು ಅದೇ ಮೊದಲು. ನಾನು ಹೊರಗೆ ಹೋಗಿ, ಮುಚ್ಚುಮರೆ ಇಲ್ಲದೆ ಹೇಳಿದೆ. "ಅತ್ತಿ, ಇವತ್ತು ಹಣ್ಣು ಇಲ್ರಿ. ಕೆಟ್ಟುಹೋಯ್ತು. ಸುಶೀಲಾ ಅದರಾಗ ಯೇಸರ ಹಾಕ್ಯಾಳ."

"ಆಂ?"

"ಯೇಸರ ಹಾಕ್ಯಾಳ್ರಿ! ಜೋಳ, ಗೋಧಿ! ನಿಮಗ ನಡೆಯಲ್ಲ!"

"ಏನಂತಿ? ನನಗ ಕೇಳಸವಲ್ದು. ಮಳಿ ಸಪ್ಪಳ ಭಾಳ ಅದ. ಹಣ್ಣು ತಾ."

ಮಳೆ ಆಗಲೇ ನಿಂತಿತ್ತು. ನಾನು ಅವರ ಕಿವಿಯ ಹತ್ತಿರ ಬಗ್ಗಿ ಮತ್ತೊಮ್ಮೆ ಹೇಳಿದೆ. ಬಾಗಿಲಲ್ಲಿ ನಿಂತಿದ್ದ ಸುಶೀಲಾ, "ಯವ್ವಾ, ಯೇಸರ!" ಎಂದು ಕೂಗಿದಳು. ಪಕ್ಕದ ಮನೆಯಾಕೆ ಕಿಟಕಿಗೆ ಬಂದಳು, ಅವಳಿಗೂ ಕೇಳಿಸಿತ್ತು. ಅತ್ತೆ ಮಾತ್ರ ತಲೆ ಅಲ್ಲಾಡಿಸಿದರು. "ವಯಸ್ಸಾಯ್ತು, ಕಿವಿ ಹೋದ್ವು. ನಿಂತು ನೋಡ್ತಿಯೇನು? ತಾ."

ತಂದಿಟ್ಟೆ. ಇನ್ನೇನು ಮಾಡಲಿ? ಮೊದಲ ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಆ ಯೇಸರ ಬೇಸಿಗೆಯಲ್ಲಿ ಅವರೇ ಮುಂದೆ ಕೂತು, ಪ್ರತಿ ಕಾಳನ್ನೂ ಬೇರೆ ಬೇರೆ ಹುರಿಸಿ, ನನಗೆ ನೂರೆಂಟು ತಪ್ಪು ತೋರಿಸಿ ಬೀಸಿಸಿದ್ದು. ಅದರ ರುಚಿ ಅವರಿಗೆ ಗೊತ್ತಾಗದೆ ಇನ್ನು ಯಾರಿಗೆ ಗೊತ್ತಾಗಬೇಕು?

"ಇವತ್ತಿನ ಹಣ್ಣಿಗಿ ರುಚಿ ಅದ, ಶೋಭಾ. ಇಷ್ಟ ದಿನ ಹಿಂಗ ಮಾಡಾಕ ನಿನಗೇನಾಗಿತ್ತು?"

ಒಂದು ಬಟ್ಟಲು ಮುಗಿಸಿ ಇನ್ನೊಂದು ಬೇಡಿದರು. ಅದನ್ನೂ ಮುಗಿಸಿದರು. ಸುಶೀಲಾ ನನ್ನತ್ತ ನೋಡಿದ ನೋಟದಲ್ಲಿ ಎಂಥ ಗೆಲುವು! ಬಟ್ಟಲು ತೆಗೆಯಲು ನಾನು ಕೈ ಚಾಚಿದೆ. ಅತ್ತೆ ತಡೆದರು. ಪಕ್ಕದ ತಂಬಿಗೆಯಿಂದ ಬಟ್ಟಲಿಗೆ ಸ್ವಲ್ಪ ನೀರು ಬಗ್ಗಿಸಿಕೊಂಡರು. ಬಲಗೈಯ ಬೆರಳಿಂದ ಸುತ್ತಲೂ ನಿಧಾನವಾಗಿ ಬಳಿದರು. ಬಟ್ಟಲೆತ್ತಿ, ಆ ನೇರಳೆ ಬಣ್ಣದ ನೀರನ್ನು ಒಂದು ಹನಿ ಬಿಡದೆ ಕುಡಿದರು. ಆಮೇಲೆ ಕೊರಳಿನ ಕರಡಿಗೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನಮ್ಮಿಬ್ಬರನ್ನೂ ನೋಡಲಿಲ್ಲ.

ಅಂದಿನಿಂದ ಯೇಸರದ ಹೆಸರು ಅತ್ತೆಯ ಮುಂದೆ ಯಾರೂ ಎತ್ತಲಿಲ್ಲ. ನೇರಳೆ ಮುಗಿದ ಮೇಲೆ ಸೇಬು, ಪಪ್ಪಾಯಿ, ಸಿಕ್ಕಿದ್ದನ್ನು ಕುದಿಸಿ ಸೋಸಿ, ಸ್ವಲ್ಪ ಹುಣಸೆಹುಳಿ, ಮೇಲೆ ಸುಶೀಲಾ ಹಾಕಿದಷ್ಟೇ ಹಿಟ್ಟು. ಬರಬರುತ್ತ ಹಣ್ಣು ಕಡಿಮೆಯಾಯಿತು, ಹಿಟ್ಟು ಹೆಚ್ಚಾಯಿತು. ನೋಡಲು ಬಂದವರಿಗೆಲ್ಲ ಅತ್ತೆ, "ಬರೀ ಹಣ್ಣಿನ ಮ್ಯಾಲ ಅದೀನಿ" ಎಂದು ಹೇಳುತ್ತಿದ್ದರು. ಬಂದವರು ಅವರಿಗೆ ಕೈ ಮುಗಿದು, ನನಗೆ, "ಎಂಥ ನಿಷ್ಠಿ ನಿಮ್ಮತ್ತಿಯವರದು" ಎನ್ನುತ್ತಿದ್ದರು. ನಾನು ಹೌದ್ರಿ ಎನ್ನುತ್ತಿದ್ದೆ. ನಿಲಂಗಾದ ಡಾಕ್ಟರು ಮುಂದಿನ ಫೋಟೋ ನೋಡಿ ಖುಷಿಯಾದರು. ಅವರು ಆಡಿದ ಮರಾಠಿ ಅಂದು ಅತ್ತೆಗೆ ಪೂರ್ತಿ ತಿಳಿಯಿತು. ಅದೇ ಭಾಷೆಯಲ್ಲಿ ಅವರ ಹೆಂಡತಿ ಮಕ್ಕಳ ಯೋಗಕ್ಷೇಮವನ್ನೂ ಕೇಳಿದರು.

ಶ್ರಾವಣಕ್ಕೆ ಮುಂಚೆ ಪ್ಲಾಸ್ಟರ್ ಬಿಚ್ಚಿದರು. ಒಳಗಿನಿಂದ ಬಂದ ಕೈ ಸುಕ್ಕಾಗಿ, ಬೆಳ್ಳಗೆ, ಚಿಕ್ಕ ಮಗುವಿನ ಕೈಯಷ್ಟಾಗಿತ್ತು. ಮರುದಿನ ಬೆಳಿಗ್ಗೆ ಆ ನಡುಗುವ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಬಹಳ ಹೊತ್ತು ಕೂತರು. ಕೈ ಜಾರೀತೆಂದು ನಾನು ಬಾಗಿಲಲ್ಲೇ ನಿಂತಿದ್ದೆ. ಜಾರಲಿಲ್ಲ. ಪೂಜೆ ಮುಗಿಸಿ ಎದ್ದರು. ನಾನು ಬಿಸಿ ಬಿಸಿ ಉಪ್ಪಿಟ್ಟು, ಅವರಿಗೆ ಪ್ರೀತಿಯ ಶೇಂಗಾ ಚಟ್ನಿ ತಟ್ಟೆಯಲ್ಲಿಟ್ಟು ತಂದೆ. ನೋಡಿದರು.

"ಹಣ್ಣು ಎಲ್ಲಿ?" ಎಂದರು.

ಈ ವರ್ಷ ದಾಳಿಂಬ ಹೊಲದ ನೇರಳೆ ಮರ ಮತ್ತೆ ಬಿಟ್ಟಿದೆ. ಯಜಮಾನರು ಮತ್ತೆ ಕಾಯಿ, ಕಡ್ಡಿ, ಇರುವೆ ಸಮೇತ ತಂದಿದ್ದಾರೆ. ನಾನು ಎರಡು ಪಾತ್ರೆಯಲ್ಲಿ ಮಾಡುತ್ತೇನೆ. ಒಂದರಲ್ಲಿ ಬೆಲ್ಲ, ನಿಂಬೆ, ಯಾಲಕ್ಕಿ, ಮಾಡಬೇಕಾದ ರೀತಿಯಲ್ಲಿ. ಅದರ ಬಗ್ಗೆ ಇಂದಿಗೂ ಅತ್ತೆ ಒಂದು ಒಳ್ಳೆಯ ಮಾತು ಆಡಿಲ್ಲ, ಆ ಸಿಟ್ಟು ನನಗೆ ಹೋಗಿಲ್ಲ. ಇನ್ನೊಂದಕ್ಕೆ ಬೆಳ್ಳುಳ್ಳಿ ಒಗ್ಗರಣೆ ಬೀಳುತ್ತದೆ, ಯೇಸರ ಬೀಳುತ್ತದೆ, ಬೈಯುತ್ತಲೇ ತಿರುವುತ್ತೇನೆ. ಒಳಗೆ ನಾನು ಬೈದದ್ದೆಲ್ಲ ಪಡಸಾಲೆಯಲ್ಲಿ ಕೂತ ಅತ್ತೆಗೆ ಕೇಳಿಸುತ್ತದೆ. ಬಟ್ಟಲು ಮುಂದಿಟ್ಟಾಗ ಮಾತ್ರ ಅವರಿಗೆ ಕಿವಿ ಕೇಳುವುದಿಲ್ಲ. ತಿಂದಾದ ಮೇಲೆ ಬಟ್ಟಲಿಗೆ ನೀರು ಬಗ್ಗಿಸಿಕೊಳ್ಳುವ ಸಪ್ಪಳ ಬರುತ್ತದೆ. ಆ ಸಪ್ಪಳ ಕೇಳಿದ ಮೇಲೆಯೇ ನಾನು ನನ್ನ ತಟ್ಟೆ ಹಾಕಿಕೊಳ್ಳುತ್ತೇನೆ.